ಅಸಿಟೈಲ್ ಹಚ್ಚುವ ಕಿಣ್ವಕ್ಕೇ ಅಸಿಟೈಲ್ ಹಚ್ಚಿದರೆ ಏನಾಗುತ್ತದೆ?

ಜೀವಶಾಸ್ತ್ರದ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕೊನೆಯ ವರ್ಷದ ಮಕ್ಕಳಿಗೆ ಈಗ ಕ್ರೊಮ್ಯಾಟಿನ್ ನಡೆಯುತ್ತಿದೆ. ಪ್ರತಿ ವರ್ಷ ಹೇಳುವುದನ್ನೇ ಈ ಸಲವೂ ಹೇಳಿದೆ. ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ, ಅದೇ ಕ್ರೊಮ್ಯಾಟಿನ್. ಹಿಸ್ಟೋನ್ ಬಾಲದ ಲೈಸಿನ್ ಎಂಬ ಅಮೈನೋ ಆಮ್ಲಗಳಿಗೆ ಧನ ಆವೇಶ, ಡಿಎನ್‌ಎಗೆ ಋಣ ಆವೇಶ, ಅದಕ್ಕೇ ಎರಡೂ ಅಂಟಿಕೊಳ್ಳುತ್ತವೆ. ಲೈಸಿನ್ ಮೇಲೆ ಅಸಿಟೈಲ್ ಎಂಬ ಸಣ್ಣ ರಾಸಾಯನಿಕ ಗುಂಪು ಕೂತರೆ ಆ ಆವೇಶ ಹೋಗುತ್ತದೆ, ಹಿಡಿತ ಸಡಿಲಾಗುತ್ತದೆ, ಜೀನ್ ಓದಲು ಸಿಗುತ್ತದೆ. ಅಸಿಟೈಲ್ ತೆಗೆದರೆ ಮತ್ತೆ ಬಿಗಿ.

ಆಗ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಹಿಸ್ಟೋನಿಗೆ ಅಸಿಟೈಲ್ ಹಚ್ಚುವ ಕಿಣ್ವವೂ ಪ್ರೋಟೀನೇ ಅಲ್ವಾ? ಅದರಲ್ಲೂ ಲೈಸಿನ್ ಇರುತ್ತದೆ. ಅದಕ್ಕೆ ಯಾರಾದರೂ ಅಸಿಟೈಲ್ ಹಚ್ಚಿದರೆ?"

ಪಿ300 ಎಂಬ ಕಿಣ್ವ ತನಗೇ ಹಚ್ಚಿಕೊಂಡು ಚುರುಕಾಗುತ್ತದೆ ಎಂದು ಎಲ್ಲೋ ಓದಿದ್ದು ನೆನಪಿತ್ತು. "ಹಚ್ಚಿದರೆ ಚುರುಕು, ತೆಗೆದರೆ ಮಂದ" ಎಂದುಬಿಟ್ಟೆ. ಮನೆಗೆ ಬಂದ ಮೇಲೆ ಸಮಾಧಾನ ಇಲ್ಲ. ಎಲ್ಲ ಕಿಣ್ವಗಳಿಗೂ ಇದು ನಿಜವಾ? ಬಲ್ಲವರು ಹೇಳಿ. ಸೋಮವಾರ ಅವಳಿಗೆ ಸರಿಯಾದ ಉತ್ತರ ಕೊಡಬೇಕು.

ಲ್ಯಾಬ್ ಅಕ್ಕ
ಸರ್, ಆ ಹುಡುಗಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಪಿ300 ಮಟ್ಟಿಗೆ ನೀವು ಹೇಳಿದ್ದು ಸರಿ. ಎಲ್ಲದಕ್ಕೂ ಅಂದರೆ ತಪ್ಪು.

ಎದುರಿಗೆ ಎಚ್‌ಡ್ಯಾಕ್1 ಇಟ್ಟು ನೋಡಿ. ಅದು ಅಸಿಟೈಲ್ ತೆಗೆಯುವ ಕಿಣ್ವ. ಪಿ300 ಅದರ ಮೇಲೆ ಅಸಿಟೈಲ್ ಕೂರಿಸಿದರೆ ಎಚ್‌ಡ್ಯಾಕ್1 ಮಂದವಾಗುತ್ತದೆ. 2006ರಲ್ಲೇ ತೋರಿಸಿದ್ದಾರೆ. ಅದೇ ಅಸಿಟೈಲ್, ಹಚ್ಚುವವನೂ ಅದೇ ಪಿ300. ಒಬ್ಬನಿಗೆ ಚುರುಕು, ಇನ್ನೊಬ್ಬನಿಗೆ ಮಂಕು.

ಎಂಎಸ್ಸಿ ಎರಡನೇ ವರ್ಷ
ಅಕ್ಕ, ಒಂದು ಕ್ಷಣ. ಎಚ್‌ಡ್ಯಾಕ್ ಅಂದರೆ ಹಿಸ್ಟೋನಿಂದ ತೆಗೆಯುವುದು ತಾನೆ? ತನ್ನ ಮೇಲೆ ಕೂತ ಅಸಿಟೈಲನ್ನು ತಾನೇ ಯಾಕೆ ಕಿತ್ತು ಹಾಕುವುದಿಲ್ಲ?

ಲ್ಯಾಬ್ ಅಕ್ಕ
ಒಳ್ಳೆಯ ಪ್ರಶ್ನೆ. ಅಸಿಟೈಲ್ ಕೂತ ಮೇಲೆ ಅದರ ಕೆಲಸವೇ ಕುಗ್ಗಿರುತ್ತದೆ. ಇನ್ನೂ ಒಂದಿದೆ. ಅದರ ಜೊತೆಗಾರ ಎಚ್‌ಡ್ಯಾಕ್2 ಗೆ ಪಿ300 ಅಸಿಟೈಲ್ ಹಚ್ಚುವುದಿಲ್ಲ. ಆದರೆ ಇಬ್ಬರೂ ಜೋಡಿಯಾಗಿ ಇರುವಾಗ ಎಚ್‌ಡ್ಯಾಕ್1 ಮೇಲೆ ಅಸಿಟೈಲ್ ಕೂತರೆ ಪಕ್ಕದ ಎಚ್‌ಡ್ಯಾಕ್2 ಕೂಡ ಮಂದವಾಗುತ್ತದೆ.

ಧಾರವಾಡದ ಓದುಗ
ಹೆಸರಿನ ಗೊಂದಲವೂ ಇದೆ ನೋಡ್ರಿ. ಮೊದಲು ಈ ಕಿಣ್ವಗಳಿಗೆ ಹಿಸ್ಟೋನ್ ಅಸಿಟೈಲ್ ಟ್ರಾನ್ಸ್‌ಫರೇಸ್ ಅಂತಿದ್ದರು, ಗಿಡ್ಡಗೆ ಹ್ಯಾಟ್. ಅವು ಹಿಸ್ಟೋನ್ ಅಲ್ಲದ ಪ್ರೋಟೀನುಗಳಿಗೂ ಹಚ್ಚುತ್ತವೆ ಎಂದು ಗೊತ್ತಾಯಿತು. ಪಿ300 ಹೋಗಿ ಪಿ53 ಗೆ ಹಚ್ಚುತ್ತದೆ ಎಂದು 1997ರಲ್ಲಿ ತೋರಿಸಿದರು. ಕಡೆಗೆ 2007ರಲ್ಲಿ ಹೊಸ ಹೆಸರಿನ ಪದ್ಧತಿ ಬಂತು. ಹಿಸ್ಟೋನ್ ಹೋಗಿ ಲೈಸಿನ್ ಬಂತು. ಲೈಸಿನ್‌ಗೆ ಸಂಕೇತದ ಅಕ್ಷರ ಕೆ, ಹಾಗಾಗಿ ಹ್ಯಾಟ್ ಹೋಗಿ ಕ್ಯಾಟ್ ಆಯಿತು. ಮಕ್ಕಳಿಗೆ ಇಷ್ಟು ಹೇಳಿದರೂ ಅರ್ಧ ಉತ್ತರ ಸಿಕ್ಕ ಹಾಗೆ.

ಜೀವಶಾಸ್ತ್ರದ ಮೇಷ್ಟ್ರು
ನಮ್ಮ ಪಠ್ಯದಲ್ಲಿ ಇನ್ನೂ ಹ್ಯಾಟ್ ಅಂತಲೇ ಇದೆ. ಪಿ300 ಚುರುಕಾಗುವುದು ಹೇಗೆ, ಬಿಡಿಸಿ ಹೇಳುತ್ತೀರಾ?

ಲ್ಯಾಬ್ ಅಕ್ಕ
ಹೇಳುತ್ತೇನೆ. ನನಗೆ ತುಂಬಾ ಇಷ್ಟದ ಕಥೆ ಇದು.

ಪಿ300 ದೊಡ್ಡ ಪ್ರೋಟೀನು, ಎರಡು ಸಾವಿರದ ನಾನೂರಕ್ಕೂ ಹೆಚ್ಚು ಅಮೈನೋ ಆಮ್ಲ. ಕೆಲಸ ನಡೆಯುವ ಭಾಗದಲ್ಲಿ ಒಂದು ಸಡಿಲವಾದ ಕುಣಿಕೆ ಜೋತಾಡುತ್ತಿರುತ್ತದೆ. ಅದರ ತುಂಬಾ ಲೈಸಿನ್. ಅಂದರೆ ಧನ ಆವೇಶ. ಹಿಸ್ಟೋನ್ ಬಾಲ ಬಂದು ಕೂರಬೇಕಾದ ಜಾಗಕ್ಕೆ ಋಣ ಆವೇಶ. ಹಾಗಾಗಿ ಕುಣಿಕೆ ಹೋಗಿ ಆ ಜಾಗದ ಮೇಲೆ ಒರಗುತ್ತದೆ, ಹಿಸ್ಟೋನಿಗೆ ದಾರಿ ಇಲ್ಲ. ಕುಣಿಕೆಯ ಲೈಸಿನ್‌ಗಳ ಮೇಲೆ ಅಸಿಟೈಲ್ ಕೂತಾಗ ಆವೇಶ ಹೋಗುತ್ತದೆ. ಕುಣಿಕೆಗೆ ಅಲ್ಲಿ ಹಿಡಿತ ಸಿಗುವುದಿಲ್ಲ, ಬಿಟ್ಟುಕೊಳ್ಳುತ್ತದೆ. ಕಿಣ್ವ ತೆರೆದುಕೊಳ್ಳುತ್ತದೆ. 2004ರಲ್ಲಿ ಫಿಲಿಪ್ ಕೋಲ್ ಅವರ ತಂಡ ಇದನ್ನು ವಿವರಿಸಿತು.

ಮೇಷ್ಟ್ರೇ, ಗಮನಿಸಿ. ನೀವು ಹಿಸ್ಟೋನ್ ಬಗ್ಗೆ ಹೇಳಿದ ಆವೇಶದ ತತ್ವವೇ ಇಲ್ಲೂ ನಡೆಯುತ್ತಿದೆ. ಜಾಗ ಮಾತ್ರ ಬೇರೆ.

ಪುತ್ತೂರಿನವ
ಅಂದರೆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡ ಹಾಗೆ, ತಾನೇ ತೆಗೆದುಕೊಳ್ಳಬೇಕು. ಸರಿಯಾ ಅಕ್ಕ?

ಯೀಸ್ಟ್ ಸಾಕುವವ
ಪೂರ್ತಿ ಸರಿ ಅಲ್ಲ ಮಾರಾಯ್ರೆ. ತನ್ನ ಚಿಲಕವನ್ನು ತಾನೇ ತೆಗೆಯುವುದಕ್ಕಿಂತ ಒಂದು ಪಿ300 ಇನ್ನೊಂದರ ಚಿಲಕ ತೆಗೆಯುತ್ತದೆ. ಎದುರು ಬದುರು ಎರಡು ಮನೆಯವರು ಒಬ್ಬರಿಗೊಬ್ಬರು ಬಾಗಿಲು ತೆಗೆದ ಹಾಗೆ.

ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. ತನ್ನಷ್ಟಕ್ಕೇ ತೆರೆದುಕೊಳ್ಳುವುದಾದರೆ ಕೋಶದ ತುಂಬಾ ಎಲ್ಲೆಂದರಲ್ಲಿ ಪಿ300 ಚುರುಕಾಗಿ ಕೂರುತ್ತಿತ್ತು. ಎರಡು ಹತ್ತಿರ ಬರಬೇಕು ಎಂದಾಗ ಅವನ್ನು ಹತ್ತಿರ ತರುವವರು ಬೇಕು. ಜೀನ್ ಆನ್ ಮಾಡುವ ಐಆರ್‌ಎಫ್3 ತರಹದ ಪ್ರೋಟೀನುಗಳು ಜೋಡಿಯಾದಾಗ ಎರಡು ಪಿ300 ಗಳನ್ನು ಎಳೆದು ತರುತ್ತವೆ. 2018ರಲ್ಲಿ ಇದನ್ನು ರಚನೆಯ ಸಮೇತ ತೋರಿಸಿದರು. ಅಂದರೆ ಜೀನ್ ಎಲ್ಲಿ ಆನ್ ಆಗಬೇಕೋ ಅಲ್ಲೇ ಕಿಣ್ವವೂ ಚುರುಕಾಗುತ್ತದೆ.

ಎಂಎಸ್ಸಿ ಎರಡನೇ ವರ್ಷ
ಅಬ್ಬಾ. ಮತ್ತೆ ಮುಚ್ಚುವವರು ಯಾರು?

ಯೀಸ್ಟ್ ಸಾಕುವವ
ಸರ್ಟ್2. ಕುಣಿಕೆಯ ಅಸಿಟೈಲ್ ತೆಗೆದು ಪಿ300 ಅನ್ನು ಮತ್ತೆ ಮಂದ ಮಾಡುತ್ತದೆ.

ಕೆಮಿಸ್ಟ್ರಿ ರಾಯರು
ಎಲ್ಲ ಅಸಿಟೈಲ್ ಹಚ್ಚುವ ಕಿಣ್ವಗಳಿಗೂ ಕುಣಿಕೆ ಇದೆ ಎಂದು ಓದುಗರು ತಿಳಿಯಬಾರದು. ಮಾಫ್, ಟಿಪ್60 ಬೇರೆ ಕುಟುಂಬ. ಅಲ್ಲಿ ಕೆಲಸ ನಡೆಯುವ ಜಾಗದ ಒಳಗೇ ಒಂದು ಲೈಸಿನ್ ಇದೆ, ಮಾಫ್‌ನಲ್ಲಿ 274ನೆಯದು. ಅದರ ಮೇಲೆ ಅಸಿಟೈಲ್ ಕೂತರೇ ಹಿಸ್ಟೋನನ್ನು ಸರಿಯಾಗಿ ಹಿಡಿಯುತ್ತದೆ. ಇಲ್ಲಿ ಅಸಿಟೈಲ್ ಕಿಣ್ವದ ಅಂಗದ ಹಾಗೆಯೇ. ಪಿ300 ಗೆ ಅದು ನಿಯಂತ್ರಣದ ಗುಂಡಿ. ಎರಡನ್ನೂ ಒಂದೇ ಮಾತಿನಲ್ಲಿ ಹೇಳಿದರೆ ಮಕ್ಕಳಿಗೆ ಮೋಸ.

ಧಾರವಾಡದ ಓದುಗ
ಮೋಸ ಅನ್ನೋದು ಜಾಸ್ತಿ ಆಯ್ತು ರಾಯರೇ. ಡಿಗ್ರಿ ಮಕ್ಕಳಿಗೆ ಎಲ್ಲಿಂದಲೋ ಶುರು ಮಾಡಲೇಬೇಕಲ್ಲ.

ಕೆಮಿಸ್ಟ್ರಿ ರಾಯರು
ಶುರು ಮಾಡಲಿ. ಆದರೆ "ಹಚ್ಚಿದರೆ ಚುರುಕು" ಎಂಬ ಸೂತ್ರ ಬಾಯಿಪಾಠ ಮಾಡಿಸಬೇಡಿ. ನಾನು ಹಾಗೇ ಕಲಿತು, ಬಿಟ್ಟುಬಿಡಲು ಹತ್ತು ವರ್ಷ ಹಿಡಿಯಿತು.

ಲ್ಯಾಬ್ ಅಕ್ಕ
ಸೂತ್ರ ಬೇಡ ಸರಿ. ಆದರೆ ಒಂದು ಒಲವು ಇದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಒಂದೊಂದೇ ಕಿಣ್ವ ನೋಡಿದರೆ ಚುರುಕು, ಮಂದ, ಚುರುಕು, ಮಂದ ಅಂತ ಗೊಂದಲ ಕಾಣುತ್ತದೆ. ಕ್ರೊಮ್ಯಾಟಿನ್‌ಗೆ ಕಡೆಗೆ ಏನಾಯಿತು ಎಂದು ನೋಡಿ.

ಪಿ300 ಮೇಲೆ ಅಸಿಟೈಲ್ ಕೂತರೆ ಚುರುಕು. ಹಿಸ್ಟೋನಿಗೆ ಇನ್ನಷ್ಟು ಅಸಿಟೈಲ್ ಹತ್ತುತ್ತದೆ, ಅಂದರೆ ತೆರೆಯುವ ದಾರಿ. ಎಚ್‌ಡ್ಯಾಕ್1 ಮಂದವಾದರೆ ತೆಗೆಯುವವರು ಕಡಿಮೆ, ಅದೂ ತೆರೆಯುವ ದಾರಿಯೇ. ಎಲ್‌ಎಸ್‌ಡಿ1 ಎಂಬ ಕಿಣ್ವ ಹಿಸ್ಟೋನ್ ಎಚ್3 ಯ 4ನೇ ಲೈಸಿನ್‌ನಿಂದ ಮೀಥೈಲ್ ಎಂಬ ಇನ್ನೊಂದು ಸಣ್ಣ ಗುಂಪನ್ನು ತೆಗೆದು ಜೀನ್ ಮುಚ್ಚಲು ನೆರವಾಗುತ್ತದೆ. ಮಾಫ್ ಅದಕ್ಕೆ ಅಸಿಟೈಲ್ ಹಚ್ಚಿದರೆ ಅದು ನ್ಯೂಕ್ಲಿಯೋಸೋಮ್ (ಡಿಎನ್‌ಎ ಸುತ್ತಿದ ಹಿಸ್ಟೋನ್ ಉಂಡೆ) ಹಿಡಿಯುವುದು ಕಡಿಮೆಯಾಗುತ್ತದೆ. ಮುಚ್ಚುವವನು ದೂರ ಸರಿದ. ಮತ್ತೆ ತೆರೆಯುವ ದಾರಿ.

ಮುಚ್ಚುವ ಕಡೆಯಲ್ಲಿ ಸರ್ಟ್1 ಮತ್ತು ಎಸ್‌ಯುವಿ39ಎಚ್1 ಜೋಡಿ ಇದೆ. ನನಗೆ ಇದಕ್ಕಿಂತ ಚಂದದ ಉದಾಹರಣೆ ಗೊತ್ತಿಲ್ಲ. ಎಸ್‌ಯುವಿ39ಎಚ್1 ಹಿಸ್ಟೋನ್ ಎಚ್3 ಯ 9ನೇ ಲೈಸಿನ್‌ಗೆ ಮೀಥೈಲ್ ಹಚ್ಚಿ ಕ್ರೊಮ್ಯಾಟಿನ್ ಗಟ್ಟಿಯಾಗಿ ಮುಚ್ಚಿಸುತ್ತದೆ. ಆದರೆ ಆ ಲೈಸಿನ್ ಮೇಲೆ ಮೊದಲೇ ಅಸಿಟೈಲ್ ಕೂತಿದ್ದರೆ ಮೀಥೈಲ್‌ಗೆ ಜಾಗ ಎಲ್ಲಿ? ಸರ್ಟ್1 ಬಂದು ಆ ಅಸಿಟೈಲ್ ತೆಗೆದು ಜಾಗ ಖಾಲಿ ಮಾಡುತ್ತದೆ. ಅಷ್ಟೇ ಅಲ್ಲ. ಎಸ್‌ಯುವಿ39ಎಚ್1 ನ ಕೆಲಸದ ಭಾಗದಲ್ಲೇ 266ನೇ ಲೈಸಿನ್ ಮೇಲೆ ಅಸಿಟೈಲ್ ಇದ್ದರೆ ಅದನ್ನೂ ತೆಗೆಯುತ್ತದೆ. ಆಗ ಆ ಕಿಣ್ವ ಚುರುಕಾಗುತ್ತದೆ. ಗದ್ದೆಯ ಕಳೆಯನ್ನೂ ತೆಗೆದು, ಬಿತ್ತುವವನ ಕೈಗೆ ಕಟ್ಟಿದ ಹಗ್ಗವನ್ನೂ ಬಿಚ್ಚಿದ ಹಾಗೆ. 2007ರಲ್ಲಿ ಬಂದ ಕೆಲಸ ಇದು.

ಇಲ್ಲಿ ಅಸಿಟೈಲ್ ತೆಗೆದದ್ದರಿಂದ ಕಿಣ್ವ ಚುರುಕಾಯಿತು. ಕ್ರೊಮ್ಯಾಟಿನ್ ಮುಚ್ಚಿತು.

ಜೀವಶಾಸ್ತ್ರದ ಮೇಷ್ಟ್ರು
ಓಹ್! ಅಂದರೆ ಕಿಣ್ವದ ಮಟ್ಟದಲ್ಲಿ ಉಲ್ಟಾ ಕಂಡರೂ ಕ್ರೊಮ್ಯಾಟಿನ್ ಮಟ್ಟದಲ್ಲಿ ಒಂದೇ ದಿಕ್ಕು. ಇದನ್ನೇ ಹೇಳಿಕೊಡಬಹುದು ಅಲ್ವಾ?

ಯೀಸ್ಟ್ ಸಾಕುವವ
ಬೇಡ ಸರ್. ಒಂದು ಸೂತ್ರ ಬಿಟ್ಟು ಇನ್ನೊಂದಕ್ಕೆ ಅಂಟಿಕೊಂಡ ಹಾಗಾಗುತ್ತದೆ. ಅಕ್ಕ ತಮ್ಮ ಮಾತಿಗೆ ಒಪ್ಪುವ ಉದಾಹರಣೆಗಳನ್ನೇ ಆರಿಸಿದ್ದಾರೆ. ಕೋಪ ಮಾಡಿಕೊಳ್ಳಬೇಡಿ ಅಕ್ಕ.

ಇಝಡ್‌ಎಚ್2 ತೆಗೆದುಕೊಳ್ಳಿ. ಅದು ಪಾಲಿಕೂಂಬ್ ಗುಂಪಿನ ಕಿಣ್ವ, ಎಚ್3 ಯ 27ನೇ ಲೈಸಿನ್‌ಗೆ ಮೀಥೈಲ್ ಹಚ್ಚಿ ಜೀನ್ ಮುಚ್ಚುತ್ತದೆ. ಪಿಕ್ಯಾಫ್ ಎಂಬ ಹಚ್ಚುವ ಕಿಣ್ವ ಅದರ 348ನೇ ಲೈಸಿನ್‌ಗೆ ಅಸಿಟೈಲ್ ಹಚ್ಚಿದರೆ ಅದು ಜಾಸ್ತಿ ಹೊತ್ತು ಬಾಳುತ್ತದೆ. ಮುಚ್ಚುವ ಕೆಲಸವೂ ಬಲಗೊಳ್ಳುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಕೋಶಗಳಲ್ಲಿ ನೋಡಿದ್ದು. ತೆಗೆಯುವವನು ಸರ್ಟ್1. ನಿಮ್ಮ ದಿಕ್ಕಿಗೆ ಪೂರ್ತಿ ವಿರುದ್ಧ.

ನಮ್ಮ ಯೀಸ್ಟ್‌ನಲ್ಲೂ ಒಂದಿದೆ. ನ್ಯೂಕ್ಲಿಯೋಸೋಮ್‌ಗಳನ್ನು ಸರಿಸುವ ಆರ್‌ಎಸ್‌ಸಿ ಯಂತ್ರದಲ್ಲಿ ಆರ್‌ಎಸ್‌ಸಿ4 ಎಂಬ ಭಾಗ. ಅಸಿಟೈಲ್ ಇರುವ ಹಿಸ್ಟೋನನ್ನು ಹಿಡಿಯಲು ಅದಕ್ಕೆ ಬ್ರೋಮೋಡೊಮೇನ್ ಎಂಬ ಗುಳಿ ಇದೆ. ಜಿಸಿಎನ್5 ಹಿಸ್ಟೋನಿಗೂ ಅಸಿಟೈಲ್ ಹಚ್ಚುತ್ತದೆ, ಆರ್‌ಎಸ್‌ಸಿ4 ನ 25ನೇ ಲೈಸಿನ್‌ಗೂ ಹಚ್ಚುತ್ತದೆ. ಆ 25ನೇ ಲೈಸಿನ್ ತನ್ನದೇ ಗುಳಿಗೆ ಹೋಗಿ ಕೂರುತ್ತದೆ. ಹಿಸ್ಟೋನಿಗೆ ಜಾಗ ಸಿಗುವುದಿಲ್ಲ. ಒಂದೇ ಕಿಣ್ವ ಕರೆಯುವ ಕೆಲಸವನ್ನೂ ಮಾಡಿತು, ತಡೆಯುವ ಕೆಲಸವನ್ನೂ ಮಾಡಿತು.

ಲ್ಯಾಬ್ ಅಕ್ಕ
ಕೋಪ ಯಾಕೆ. ಇಝಡ್‌ಎಚ್2 ನಿಜಕ್ಕೂ ನನ್ನ ಮಾತಿಗೆ ಹೊಡೆತ, ಒಪ್ಪಿದೆ. ಆದರೆ ಆರ್‌ಎಸ್‌ಸಿ4 ಅನ್ನು ವಿರುದ್ಧ ಎನ್ನುವುದಕ್ಕಿಂತ ಬ್ರೇಕ್ ಎನ್ನುತ್ತೇನೆ. ವೇಗ ಹೆಚ್ಚಿಸುವವನೇ ಬ್ರೇಕನ್ನೂ ಒತ್ತಿದರೆ ಕೆಲಸ ಮಿತಿಯಲ್ಲಿ ಇರುತ್ತದೆ.

ಯೀಸ್ಟ್ ಸಾಕುವವ
ಅದಾದರೆ ಒಪ್ಪಬಹುದು.

ಕೆಮಿಸ್ಟ್ರಿ ರಾಯರು
ಡಿಎನ್‌ಎಂಟಿ1 ಮರೆತಿರಿ. ಡಿಎನ್‌ಎಗೆ ಮೀಥೈಲ್ ಹಚ್ಚುವ ಕಿಣ್ವ. ಟಿಪ್60 ಅದಕ್ಕೆ ಅಸಿಟೈಲ್ ಹಚ್ಚಿದರೆ ಮುಂದೆ ಅದರ ಮೇಲೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನಿನ ಸರ, ಅಂದರೆ ನಾಶದ ಗುರುತು, ಕೂರುತ್ತದೆ. ಆಮೇಲೆ ಕೋಶ ಅದನ್ನು ಪುಡಿ ಮಾಡಿ ಮುಗಿಸುತ್ತದೆ. ಎಚ್‌ಡ್ಯಾಕ್1 ಆ ಅಸಿಟೈಲ್ ತೆಗೆದು ಕಾಪಾಡುತ್ತದೆ. ಇಲ್ಲಿ ಚುರುಕು ಮಂದದ ಪ್ರಶ್ನೆಯೇ ಅಲ್ಲ, ಉಳಿಯುವುದೋ ಅಳಿಯುವುದೋ ಎಂಬ ಪ್ರಶ್ನೆ.

ಇನ್ನೂ ಸೂಕ್ಷ್ಮ ಬೇಕಾದರೆ ಕೇಳಿ. ಸರ್ಟ್1 ಇದೇ ಡಿಎನ್‌ಎಂಟಿ1 ನ ಕೆಲಸದ ಭಾಗದಿಂದ ಅಸಿಟೈಲ್ ತೆಗೆದರೆ ಮೀಥೈಲ್ ಹಚ್ಚುವ ಶಕ್ತಿ ಹೆಚ್ಚುತ್ತದೆ. ನಡುವೆ ಇರುವ ಗ್ಲೈಸಿನ್-ಲೈಸಿನ್ ಕೊಂಡಿಯಿಂದ ತೆಗೆದರೆ ಅದರ ಇನ್ನೊಂದು ಕೆಲಸ, ಮೀಥೈಲ್ ಇಲ್ಲದೆಯೂ ಜೀನ್ ಅಡಗಿಸುವುದು, ಕುಂದುತ್ತದೆ. ಒಂದೇ ಪ್ರೋಟೀನು. ಯಾವ ಲೈಸಿನ್ ಎಂಬುದರ ಮೇಲೆ ಎಲ್ಲ ನಿಂತಿದೆ.

ಎಂಎಸ್ಸಿ ಎರಡನೇ ವರ್ಷ
ಇದನ್ನೆಲ್ಲ ಹೇಗೆ ಕಂಡುಹಿಡಿಯುತ್ತಾರೆ? ನಾನು ಪ್ರಾಜೆಕ್ಟ್‌ನಲ್ಲಿ ಮೂರು ತಿಂಗಳು ಒದ್ದಾಡಿದೆ. ಅಸಿಟೈಲ್ ಲೈಸಿನ್ ಆಂಟಿಬಾಡಿ ಹಾಕಿ ವೆಸ್ಟರ್ನ್ ಬ್ಲಾಟ್ (ಪ್ರೋಟೀನು ಗುರುತಿಸುವ ಪರೀಕ್ಷೆ) ಮಾಡಿದರೆ ಏನೂ ಕಾಣುತ್ತಿರಲಿಲ್ಲ. ನನ್ನ ಕೈಯೇ ಸರಿ ಇಲ್ಲ ಎಂದು ಅತ್ತಿದ್ದೂ ಇದೆ.

ಲ್ಯಾಬ್ ಅಕ್ಕ
ಅಯ್ಯೋ ಪುಟ್ಟ. ಕೋಶ ಒಡೆಯುವ ಬಫರ್‌ಗೆ ನಿಕೋಟಿನಮೈಡ್ ಮತ್ತು ಟ್ರೈಕೋಸ್ಟಾಟಿನ್ ಹಾಕಿದ್ದೆಯಾ?

ಎಂಎಸ್ಸಿ ಎರಡನೇ ವರ್ಷ
ಇಲ್ಲ ಅಕ್ಕ. ಪ್ರೋಟಿಯೇಸ್ ತಡೆಯುವ ಮಾತ್ರೆ ಮಾತ್ರ.

ಲ್ಯಾಬ್ ಅಕ್ಕ
ಅಲ್ಲೇ ಇದೆ ನೋಡು. ಕೋಶ ಒಡೆದ ತಕ್ಷಣ ಒಳಗಿನ ಡೀಅಸಿಟೈಲೇಸ್‌ಗಳು ಸುಮ್ನೆ ಕೂರುವುದಿಲ್ಲ, ನಿನ್ನ ಅಸಿಟೈಲ್ ತೆಗೆಯುತ್ತಾ ಹೋಗುತ್ತವೆ. ಇವುಗಳಲ್ಲಿ ಎರಡು ಜಾತಿ. ಮನುಷ್ಯರಲ್ಲಿ 11 ಕಿಣ್ವಗಳು ಸತುವಿನ ಅಯಾನು ಇಟ್ಟುಕೊಂಡು ಕೆಲಸ ಮಾಡುತ್ತವೆ, ಟ್ರೈಕೋಸ್ಟಾಟಿನ್ ಅವುಗಳಲ್ಲಿ ಹೆಚ್ಚಿನವನ್ನು ತಡೆಯುತ್ತದೆ. ಇನ್ನು 7 ಸರ್ಟುಯಿನ್‌ಗಳು, ಅವಕ್ಕೆ ಎನ್‌ಎಡಿ ಎಂಬ ಸಹಾಯಕ ಅಣು ಬೇಕು. ಅವನ್ನು ನಿಕೋಟಿನಮೈಡ್ ತಡೆಯುತ್ತದೆ. ಒಂದನ್ನೇ ಹಾಕಿದರೆ ಇನ್ನೊಂದು ಜಾತಿ ಬಿಡುವುದಿಲ್ಲ. ಎರಡೂ ಹಾಕು, ಐಸ್ ಮೇಲೇ ಇಡು. ನಿನ್ನ ಕೈ ಚೆನ್ನಾಗಿಯೇ ಇದೆ.

ಕೆಮಿಸ್ಟ್ರಿ ರಾಯರು
ಮಾಸ್ ಸ್ಪೆಕ್ಟ್ರೋಮೀಟರಿಗೆ ಹೋಗುವುದಾದರೆ ಒಂದು ಎಚ್ಚರ. ಅಸಿಟೈಲ್ ಕೂತರೆ ತೂಕ 42.011 ಡಾಲ್ಟನ್ ಏರುತ್ತದೆ. ಮೂರು ಮೀಥೈಲ್ ಕೂತರೆ 42.047. ನಿಖರತೆ ಕಡಿಮೆ ಇರುವ ಯಂತ್ರ ಎರಡನ್ನೂ ಒಂದೇ ಎನ್ನುತ್ತದೆ. ಜೀನ್ ತೆರೆದಿದೆಯೋ ಮುಚ್ಚಿದೆಯೋ ಎಂಬ ತೀರ್ಮಾನವೇ ತಿರುಗಿ ಹೋಗಬಹುದು.

ಯೀಸ್ಟ್ ಸಾಕುವವ
ಲೈಸಿನ್ ಬದಲಿಸಿ ನೋಡುವಾಗಲೂ ಎಚ್ಚರ. ಆರ್ಜಿನೈನ್ ಹಾಕಿದರೆ ಅಸಿಟೈಲ್ ಹತ್ತದ ಲೈಸಿನ್ ಹಾಗೆ, ಗ್ಲುಟಮೈನ್ ಹಾಕಿದರೆ ಅಸಿಟೈಲ್ ಹತ್ತಿದ ಹಾಗೆ ಎನ್ನುತ್ತಾರೆ. ಗ್ಲುಟಮೈನ್‌ಗೆ ಚಾರ್ಜ್ ಇಲ್ಲ ನಿಜ. ಆದರೆ ಬ್ರೋಮೋಡೊಮೇನ್ ಅದನ್ನು ಅಸಿಟೈಲ್ ಲೈಸಿನ್ ಎಂದು ಒಪ್ಪಿಕೊಳ್ಳುವುದಿಲ್ಲ. ಚಾರ್ಜ್‌ನಿಂದ ಆಗುವ ಕೆಲಸಕ್ಕೆ ಈ ಉಪಾಯ ನಡೆಯುತ್ತದೆ, ಗುಳಿಗೆ ಕೂರುವ ಕೆಲಸಕ್ಕೆ ನಡೆಯುವುದಿಲ್ಲ.

ಪುತ್ತೂರಿನವ
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಕೇಳುತ್ತೇನೆ. ಪುನರ್ಪುಳಿಯಲ್ಲಿ ಪಿ300 ತಡೆಯುವ ವಸ್ತು ಇದೆಯಂತೆ, ಹೌದಾ? ನಮ್ಮ ಮನೆಯಲ್ಲಿ ಬೇಸಿಗೆ ಪೂರ್ತಿ ಅದರದೇ ಶರಬತ್ತು.

ಲ್ಯಾಬ್ ಅಕ್ಕ
ಹೌದು! ಅದು ನಮ್ಮ ಬೆಂಗಳೂರಿನದೇ ಕೆಲಸ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ ಮಾಡಿದ್ದು. 2003ರಲ್ಲಿ ಗೇರು ಬೀಜದ ಸಿಪ್ಪೆಯ ಎಣ್ಣೆಯ ಅನಕಾರ್ಡಿಕ್ ಆಮ್ಲ, 2004ರಲ್ಲಿ ಪುನರ್ಪುಳಿ ಸಿಪ್ಪೆಯ ಗಾರ್ಸಿನಾಲ್ ಮತ್ತು ಅರಿಶಿನದ ಕರ್ಕ್ಯುಮಿನ್. ಮೂರೂ ಪಿ300 ಅನ್ನು ತಡೆಯುತ್ತವೆ ಎಂದು ತೋರಿಸಿದರು. ಗಾರ್ಸಿನಾಲ್ ಪಿಕ್ಯಾಫನ್ನೂ ತಡೆಯುತ್ತದೆ, ಕರ್ಕ್ಯುಮಿನ್ ತಡೆಯುವುದಿಲ್ಲ.

ಪುತ್ತೂರಿನವ
ಗೇರು ಸಿಪ್ಪೆಯ ಎಣ್ಣೆಯಾ! ಅದು ಕೈಗೆ ತಾಗಿದರೆ ಚರ್ಮ ಸುಟ್ಟು ಏಳುತ್ತದೆ. ನಮ್ಮ ಅಜ್ಜಿ ಬೂದಿ ಹಚ್ಚಿಕೊಂಡೇ ಬೀಜ ಒಡೆಯುತ್ತಿದ್ದರು.

ಮುರುಗಲು ಮನೆ
ನಮ್ಮ ಶಿರಸಿ ಕಡೆ ಅದಕ್ಕೆ ಮುರುಗಲು ಅನ್ನುತ್ತಾರೆ. ಹಾಗಾದರೆ ದಿನಾ ಒಂದು ಲೋಟ ಕುಡಿದರೆ ಕ್ಯಾನ್ಸರ್ ಬರುವುದಿಲ್ಲವಾ? ವಾಟ್ಸಾಪ್‌ನಲ್ಲಿ ಹಾಗೆ ಬಂದಿತ್ತು.

ಕೆಮಿಸ್ಟ್ರಿ ರಾಯರು
ಇಲ್ಲ ತಂಗಿ. ದಯವಿಟ್ಟು ಅದನ್ನು ಮುಂದೆ ಕಳಿಸಬೇಡಿ. ಪ್ರಯೋಗಾಲಯದಲ್ಲಿ ಶುದ್ಧ ಮಾಡಿದ ಗಾರ್ಸಿನಾಲನ್ನು ನೇರ ಕಿಣ್ವದ ಮೇಲೆ ಹಾಕುತ್ತಾರೆ. ಲೋಟದ ಶರಬತ್ತಿನದು ಬೇರೆ ಲೆಕ್ಕ. ಅರಿಶಿನದ ವಿಷಯ ಇನ್ನೂ ಕಷ್ಟ. ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದೇ ಬಹಳ ಕಡಿಮೆ. ನೀರಿನಲ್ಲಿ ಬೇಗ ಒಡೆಯುತ್ತದೆ. ಸಿಕ್ಕ ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುವ ಗುಣ ಬೇರೆ ಇದೆ. ಔಷಧ ರಸಾಯನಶಾಸ್ತ್ರದವರು 2017ರಲ್ಲಿ ಇದನ್ನು ಕಟುವಾಗಿಯೇ ಬರೆದರು.

ಲ್ಯಾಬ್ ಅಕ್ಕ
ಶರಬತ್ತಿನ ಮಾತು ಒಪ್ಪುತ್ತೇನೆ ರಾಯರೇ. ಆದರೆ ಆ ಕೆಲಸಗಳನ್ನು ಕಡಿಮೆ ಮಾಡಿ ನೋಡಬೇಡಿ. ಪಿ300 ಅನ್ನು ಸಣ್ಣ ಅಣುವಿನಿಂದ ತಡೆಯಬಹುದು ಎಂಬುದಕ್ಕೆ ಆಗ ಇದ್ದ ದಾರಿಗಳೇ ಕೆಲವು. ಎ-485 ತರಹದ ಗುರಿ ತಪ್ಪದ ಅಣು ಬಂದದ್ದು 2017ರಲ್ಲಿ. ಕುಂಡು ಅವರ ತಂಡವೇ ಬಾಯಿಯ ಕ್ಯಾನ್ಸರ್ ಮಾದರಿಗಳಲ್ಲಿ ಪಿ300 ತನಗೆ ತಾನೇ ಅಸಿಟೈಲ್ ಹಚ್ಚಿಕೊಳ್ಳುವುದು ಜಾಸ್ತಿ ಇರುವುದನ್ನೂ ತೋರಿಸಿತು. ಎನ್‌ಪಿಎಂ1 ಎಂಬ ಪ್ರೋಟೀನು ಅದಕ್ಕೆ ಕುಮ್ಮಕ್ಕು ಕೊಡುತ್ತದೆ. ಗುಟ್ಕಾ ಅಗಿಯುವ ನಮ್ಮ ಊರುಗಳಲ್ಲಿ ಇದು ದೂರದ ವಿಷಯ ಅಲ್ಲ. ನನ್ನ ಸೋದರಮಾವ ಅದರಲ್ಲೇ ಹೋದರು.

ಕೆಮಿಸ್ಟ್ರಿ ರಾಯರು
ಕಡಿಮೆ ಮಾಡಿ ಹೇಳಲಿಲ್ಲ ಅಮ್ಮ. ನಿಮ್ಮ ಮಾವನ ವಿಷಯ ಕೇಳಿ ಬೇಸರವಾಯಿತು.

ಊರಿನ ವೈದ್ಯೆ
ಔಷಧದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಡೀಅಸಿಟೈಲೇಸ್ ತಡೆಯುವ ಔಷಧ ಈಗಾಗಲೇ ಇದೆ. ಚರ್ಮದ ಟಿ ಕೋಶ ಲಿಂಫೋಮಾಗೆ ವೊರಿನೋಸ್ಟಾಟ್, 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಫಿಟ್ಸ್‌ಗೆ ನಾವು ಬರೆಯುವ ವಾಲ್ಪ್ರೋಯೇಟ್ ಕೂಡ ಈ ಕಿಣ್ವಗಳನ್ನು ತಡೆಯುತ್ತದೆ ಎಂದು 2001ರಲ್ಲಿ ಗೊತ್ತಾಯಿತು, ಅದಕ್ಕೂ ಎಷ್ಟೋ ವರ್ಷ ಮೊದಲಿಂದ ಬಳಕೆಯಲ್ಲಿತ್ತು. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ. ಬಸುರಿಯಾಗುವ ಯೋಚನೆ ಇರುವ ಹೆಣ್ಣುಮಕ್ಕಳು ಮಾತ್ರ ಮೊದಲೇ ತಮ್ಮ ವೈದ್ಯರ ಹತ್ತಿರ ಮಾತಾಡಿ, ಮಗುವಿಗೆ ತೊಂದರೆ ಆಗುವ ಔಷಧ ಅದು.

ನನಗೆ ಒಂದು ಸಂದೇಹ. ಹೆಸರಿನಲ್ಲಿ ಹಿಸ್ಟೋನ್ ಇದ್ದರೂ ಈ ಔಷಧಗಳ ಪರಿಣಾಮ ಹಿಸ್ಟೋನ್‌ನಿಂದ ಮಾತ್ರ ಬರುತ್ತದೆ ಎನ್ನಲು ಆಗುವುದಿಲ್ಲ ಅಲ್ವಾ?

ಯೀಸ್ಟ್ ಸಾಕುವವ
ಖಂಡಿತ ಆಗುವುದಿಲ್ಲ ಮೇಡಂ. 2009ರಲ್ಲಿ ಒಂದೇ ಅಧ್ಯಯನದಲ್ಲಿ 1750 ಪ್ರೋಟೀನುಗಳಲ್ಲಿ 3600 ಅಸಿಟೈಲ್ ಜಾಗಗಳು ಸಿಕ್ಕವು. ಡೀಅಸಿಟೈಲೇಸ್ ತಡೆದರೆ ಅವುಗಳಲ್ಲಿ ಎಷ್ಟೋ ಅಲುಗುತ್ತವೆ, ಪಿ300 ತರಹದ ಕಿಣ್ವಗಳೂ ಸೇರಿ. ಹಿಸ್ಟೋನ್ ಮೇಲೆ ಅಸಿಟೈಲ್ ಏರಿತು ಎಂದು ಕಂಡಾಗ ತೆಗೆಯುವವನು ನಿಂತದ್ದರಿಂದಲೋ ಹಚ್ಚುವವನು ಚುರುಕಾದದ್ದರಿಂದಲೋ ಎಂದು ಬಿಡಿಸುವುದೇ ಕಷ್ಟ.

ಧಾರವಾಡದ ಓದುಗ
1964ರಲ್ಲಿ ವಿನ್ಸೆಂಟ್ ಆಲ್ಫ್ರೇ ಹಿಸ್ಟೋನ್ ಅಸಿಟೈಲ್‌ಗೂ ಜೀನ್ ಓದುವುದಕ್ಕೂ ನಂಟು ಇದೆ ಅಂದರು. ಹಚ್ಚುವ ಕಿಣ್ವವೇ ಜೀನ್ ಆನ್ ಮಾಡುವ ಜಿಸಿಎನ್5 ಎಂದು ಡೇವಿಡ್ ಆಲಿಸ್ ತಂಡ ತೋರಿಸಿದ್ದು 1996ರಲ್ಲಿ. ಎಚ್‌ಡ್ಯಾಕ್1 ಸಿಕ್ಕಿದ್ದೂ ಅದೇ ವರ್ಷ. 32 ವರ್ಷ ಕಾಯಬೇಕಾಯಿತು ನೋಡ್ರಿ. ಆ ಹುಡುಗಿ ಒಂದು ತಾಸಿನಲ್ಲಿ ಮುಂದಿನ ಪ್ರಶ್ನೆಗೆ ಬಂದಳು.

ಜೀವಶಾಸ್ತ್ರದ ಮೇಷ್ಟ್ರು
ಎಲ್ಲರಿಗೂ ಕೈ ಮುಗಿಯುತ್ತೇನೆ. ಸೋಮವಾರ ತರಗತಿಯಲ್ಲಿ ಮೊದಲು "ಕಳೆದ ವಾರ ನಾನು ಹೇಳಿದ್ದು ತಪ್ಪು" ಎಂದು ಹೇಳುತ್ತೇನೆ. ಆಮೇಲೆ ಬೋರ್ಡ್ ಮೇಲೆ ನಾಲ್ಕು ಸಾಲು ಬರೆಯುತ್ತೇನೆ.

ಪಿ300, ಕುಣಿಕೆಯ ಲೈಸಿನ್‌ಗಳು: ಹಚ್ಚಿದರೆ ಚುರುಕು.
ಎಚ್‌ಡ್ಯಾಕ್1: ಹಚ್ಚಿದರೆ ಮಂದ.
ಎಸ್‌ಯುವಿ39ಎಚ್1, ಲೈಸಿನ್ 226: ತೆಗೆದರೆ ಚುರುಕು.
ಡಿಎನ್‌ಎಂಟಿ1: ಟಿಪ್60 ಹಚ್ಚಿದರೆ ಅಳಿವು.

ಪ್ರತಿ ಸಾಲಿಗೂ "ಕ್ರೊಮ್ಯಾಟಿನ್‌ಗೆ ಏನಾಗುತ್ತದೆ?" ಎಂದು ಮಕ್ಕಳನ್ನೇ ಕೇಳುತ್ತೇನೆ. ಇಝಡ್‌ಎಚ್2 ಅನ್ನು ಕೊನೆಗೆ ಇಡುತ್ತೇನೆ, ಅವರು ಒಂದು ದಿಕ್ಕು ಕಂಡುಕೊಂಡ ಮೇಲೆ.

ಎಂಎಸ್ಸಿ ಎರಡನೇ ವರ್ಷ
ನಾನು ನಾಳೆಯೇ ಹೊಸ ಬಫರ್ ಮಾಡುತ್ತೇನೆ. ಬ್ಯಾಂಡ್ ಬಂದರೆ ಇಲ್ಲೇ ಫೋಟೋ ಹಾಕುತ್ತೇನೆ ಅಕ್ಕ.

ಕೆಮಿಸ್ಟ್ರಿ ರಾಯರು
ಮೇಷ್ಟ್ರೇ, ಮೂರನೇ ಸಾಲು ನೋಡಿ. 226 ಅಲ್ಲ, 266.

ಜೀವಶಾಸ್ತ್ರದ ಮೇಷ್ಟ್ರು
ಹೌದು ಸರ್, 266. ನನ್ನ ನೋಟ್ಸ್‌ನಲ್ಲಿ ತಿದ್ದಿಕೊಂಡೆ.